ಅಳಿಲು, ಓತಿಕ್ಯಾತ, ಏರೋಪ್ಲೇನ್ ಚಿಟ್ಟೆ: ಒಂದು ಕ್ಷಣ ನಿಲ್ಲದ ಪುಟ್ಟ ಜೀವಿಗಳ ಫೋಟೊ ತೆಗೆಯುವುದು ಹೇಗೆ?

ಹುಲಿಯ ಫೋಟೊಗಿಂತ ಅಳಿಲಿನ ಫೋಟೊ ಕಷ್ಟ. ನಗಬೇಡಿ, ಸ್ವಲ್ಪ ಯೋಚಿಸಿ ನೋಡಿ. ಹುಲಿ ಕಾಣಿಸುವುದು ಅಪರೂಪ, ನಿಜ. ಆದರೆ ಕಂಡರೆ ಜೀಪಿನ ಮುಂದೆ ಆರಾಮಾಗಿ ನಡೆಯುತ್ತದೆ, ಫ್ರೇಮ್ ತುಂಬ ಬರುತ್ತದೆ, ಫೋಕಸ್ ತಾನಾಗಿ ಸಿಗುತ್ತದೆ. ಅಳಿಲು ಹಿತ್ತಿಲಲ್ಲೇ ಇರುತ್ತದೆ, ದಿನಾ ಕಾಣುತ್ತದೆ, ಆದರೆ ಕ್ಯಾಮೆರಾ ಎತ್ತುವಷ್ಟರಲ್ಲಿ ಕಾಂಡದ ಆ ಬದಿಗೆ ಹೋಗಿರುತ್ತದೆ. ಕೊನೆಗೆ ಕಾರ್ಡಿನಲ್ಲಿ ಉಳಿಯುವುದು ಬಾಲದ ತುದಿ, ಖಾಲಿ ಕೊಂಬೆ ಮತ್ತು ಒಂದಷ್ಟು ಮಸುಕು.

ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಇನ್ನೂ ದುಬಾರಿ ಕ್ಯಾಮೆರಾ. ನನ್ನ ಪ್ರಕಾರ ಕ್ಯಾಮೆರಾ ಎರಡನೇ ಮಾತು. ಸಣ್ಣ ಪ್ರಾಣಿಯ ವೇಗಕ್ಕೆ ನಮ್ಮ ಕೈ ಯಾವತ್ತೂ ಸಾಟಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವು ಎಷ್ಟು ಓಡುತ್ತವೋ ಅಷ್ಟೇ ನಿಲ್ಲುತ್ತವೆ ಕೂಡ, ಮತ್ತು ಬಹುಪಾಲು ನಿಂತ ಜಾಗಕ್ಕೇ ಮತ್ತೆ ಮತ್ತೆ ಬರುತ್ತವೆ. ಆ ಜಾಗ ಯಾವುದು ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಕೆಳಗಿನ ಹಂತಗಳಲ್ಲಿ ಬರುವ ಸೆಟ್ಟಿಂಗ್, ಲೆನ್ಸ್ ಎಲ್ಲವೂ ಆ ಒಂದು ವಿಷಯಕ್ಕೆ ಬೆಂಬಲ ಅಷ್ಟೇ.

ಹಂತ 1: ಒಂದೇ ಪ್ರಾಣಿ ಆರಿಸಿಕೊಳ್ಳಿ

"ಏನು ಸಿಕ್ಕರೆ ಅದು" ಅಂತ ಹೊರಟರೆ ಏನೂ ಸಿಗುವುದಿಲ್ಲ. ಮೊದಲ ಕೆಲವು ವಾರ ಒಂದೇ ಪ್ರಾಣಿಯ ಹಿಂದೆ ಬೀಳಿ. ಯಾವುದು ಅನ್ನುವುದು ನೀವಿರುವ ಊರಿನ ಮೇಲೆ ಹೋಗುತ್ತದೆ.

ಬೆಂಗಳೂರು, ಮೈಸೂರಿನಂಥ ಊರಲ್ಲಿದ್ದರೆ ಅಳಿಲಿಗಿಂತ ಒಳ್ಳೆಯ ಗುರು ಇಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಕುಕ್ಕರಹಳ್ಳಿ ಕೆರೆಯ ದಂಡೆ, ಅಥವಾ ನಿಮ್ಮ ಮನೆಯ ಕಾಂಪೌಂಡ್. ಜನರನ್ನು ನೋಡಿ ಅಭ್ಯಾಸವಿರುವುದರಿಂದ ಇವು ನಿಮ್ಮನ್ನು ಸ್ವಲ್ಪ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತವೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಬಂಡೆಗಳ ನಾಡಿನಲ್ಲಿದ್ದರೆ ಬಂಡೆ ಓತಿ. ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಹಾರುವ ಓತಿ ಇದೆ, ನಿಮ್ಮ ಭಾಗ್ಯಕ್ಕೆ ಉಳಿದವರು ಹೊಟ್ಟೆ ಉರಿಸಿಕೊಳ್ಳಬೇಕು. ಇನ್ನು ಏರೋಪ್ಲೇನ್ ಚಿಟ್ಟೆಗೆ ಒಂದು ಕೆರೆ, ಗದ್ದೆಯ ಬದು, ಬೇಡ, ನೀರು ನಿಂತ ಹೊಂಡವಿದ್ದರೂ ಸಾಕು.

ಮುಂಗುಸಿಯನ್ನು ಆರಂಭಕ್ಕೆ ಆರಿಸಿಕೊಳ್ಳಬೇಡಿ. ಅದರ ದಾರಿ ಉದ್ದ, ಸಂಕೋಚ ಜಾಸ್ತಿ, ನಿಂತ ಜಾಗಕ್ಕೆ ಮತ್ತೆ ಬರುವ ಗ್ಯಾರಂಟಿಯೂ ಕಡಿಮೆ.

ಹಂತ 2: ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ನೋಡಿ

ಈ ಹಂತವನ್ನು ಹಾರಿಸುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ಮೊದಲ ದಿನ ಬರಿಗೈಲಿ ಹೋಗಿ ಒಂದು ಕಡೆ ಕುಳಿತುಕೊಳ್ಳಿ. ಓಡಾಡಬೇಡಿ. ನೀವು ಬಂದ ತಕ್ಷಣ ಮಾಯವಾದ ಪ್ರಾಣಿಗಳೆಲ್ಲ ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ಆಗ ಮೂರು ವಿಷಯ ಗಮನಿಸಿ: ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಹೊರಡುವ ಮೊದಲು ಏನು ಮಾಡುತ್ತದೆ.

ಅಳಿಲಿಗೆ ಖಾಯಂ ದಾರಿಗಳಿವೆ. ಮರದಿಂದ ಕಾಂಪೌಂಡ್, ಕಾಂಪೌಂಡ್‌ನಿಂದ ಕೇಬಲ್, ಕೇಬಲ್‌ನಿಂದ ಮಾಡು, ಹೀಗೆ. ಅದೇ ಗೋಡೆಯ ಅದೇ ಮೂಲೆಯಲ್ಲಿ ಒಂದು ಗಳಿಗೆ ನಿಂತು ಅತ್ತಿತ್ತ ನೋಡಿ ಮುಂದೆ ಹೋಗುತ್ತದೆ. ತಿನ್ನಲು ಸಿಕ್ಕರೆ ಬಯಲಿನಲ್ಲಿ ತಿನ್ನುವುದಿಲ್ಲ, ಹತ್ತಿರದ ಒಂದು ಕೊಂಬೆಗೆ ಹೋಗಿ, ಬೆನ್ನು ಕಾಂಡದ ಕಡೆ ಮಾಡಿ ಕುಳಿತು ತಿನ್ನುತ್ತದೆ. ಆ ಕೊಂಬೆಯ ಕೆಳಗೆ ಸಿಪ್ಪೆ ಬಿದ್ದಿರುತ್ತದೆ ನೋಡಿ, ಅದೇ ಗುರುತು.

ಕೆರೆಯ ದಂಡೆಯಲ್ಲಿ ಒಂದು ಒಣಕಡ್ಡಿಯ ತುದಿಯಲ್ಲಿ ಕುಳಿತ ಏರೋಪ್ಲೇನ್ ಚಿಟ್ಟೆ ಹಾರಿತು ಅಂದರೆ ಅದರ ಹಿಂದೆ ತಿರುಗಬೇಡಿ. ಕಡ್ಡಿಯನ್ನೇ ನೋಡುತ್ತಿರಿ. ಒಂದು ಸೊಳ್ಳೆ ಹಿಡಿದುಕೊಂಡು, ಇಲ್ಲವೇ ಪಕ್ಕದ ಗಂಡನ್ನು ಓಡಿಸಿ ಅಲ್ಲಿಗೇ ಬರುತ್ತದೆ. ಎಲ್ಲ ಜಾತಿಗಳೂ ಹೀಗಲ್ಲ. ಮಳೆಗಾಲದಲ್ಲಿ ಮೈದಾನದ ಮೇಲೆ ಗುಂಪುಗುಂಪಾಗಿ ಸುತ್ತುವ ಹಳದಿ ಬಣ್ಣದವು ಇವೆಯಲ್ಲ, ಪ್ಯಾಂಟಾಲಾ ಅಂತ, ಅವು ಕುಳಿತುಕೊಳ್ಳುವುದೇ ಅಪರೂಪ. ಅವುಗಳ ಸಹವಾಸ ಈಗಲೇ ಬೇಡ.

ನೋಡಿದ್ದನ್ನು ಫೋನಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಯಾವ ಕೊಂಬೆ, ಎಷ್ಟು ಗಂಟೆ, ಬಿಸಿಲು ಯಾವ ಕಡೆಯಿಂದ. ಬಿಸಿಲಿನ ದಿಕ್ಕು ಯಾಕೆ ಅಂದರೆ, ಜಾಗ ಎಷ್ಟೇ ಚೆನ್ನಾಗಿದ್ದರೂ ನೀವು ಹೋಗುವ ಹೊತ್ತಿನಲ್ಲಿ ಅದು ನೆರಳಾಗಿದ್ದರೆ ಮುಂದಿನ ಹಂತದ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ.

ಹಂತ 3: ಲೆನ್ಸ್, ಇದ್ದುದರಲ್ಲೇ

ಇದನ್ನು ಬೇಗ ಮುಗಿಸೋಣ. 250 ಅಥವಾ 300 ಎಂಎಂವರೆಗೆ ಹೋಗುವ ಸಾಧಾರಣ ಜೂಮ್ ಲೆನ್ಸ್ ಸಾಕು. 400 ಇದ್ದರೆ ಆರಾಮ. ಆದರೆ ಕೊಳ್ಳುವ ಮೊದಲು ಒಂದು ಸಂಖ್ಯೆ ನೋಡಲೇಬೇಕು: ಲೆನ್ಸ್ ಎಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಮಾಡುತ್ತದೆ ಅನ್ನುವುದು. ಕ್ಯಾನನ್‌ನ ಅಗ್ಗದ 55-250 ಎಸ್‌ಟಿಎಂ 85 ಸೆಂಟಿಮೀಟರ್‌ಗೆ ಫೋಕಸ್ ಮಾಡುತ್ತದೆ. ನಿಕಾನ್‌ನ ದೊಡ್ಡ 200-500ಕ್ಕೆ ಕಡೇ ಪಕ್ಷ 2.2 ಮೀಟರ್ ದೂರ ಬೇಕು. ಹಕ್ಕಿಗೆ ಎರಡನೆಯದು ಸರಿ, ಕಡ್ಡಿಯ ಮೇಲಿನ ಹುಳಕ್ಕೆ ಮೊದಲನೆಯದೇ ವಾಸಿ. ಸಣ್ಣ ಪ್ರಾಣಿಗೆ ದೂರದ ಲೆನ್ಸ್ ಎಷ್ಟು ಮುಖ್ಯವೋ ಹತ್ತಿರದ ಫೋಕಸ್ ಕೂಡ ಅಷ್ಟೇ ಮುಖ್ಯ.

ಟ್ರೈಪಾಡ್ ಬೇಡ. ಬಿಡಿಸಿ ನಿಲ್ಲಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ. ಒಂದು ಬಟ್ಟೆಚೀಲಕ್ಕೆ ಎರಡು ಕೆಜಿ ಅಕ್ಕಿ ತುಂಬಿ ಹೊಲಿದುಕೊಂಡರೆ ಬಂಡೆ, ಗೋಡೆ, ನೆಲ ಎಲ್ಲ ಕಡೆ ಲೆನ್ಸಿಗೆ ಒಳ್ಳೆಯ ದಿಂಬು.

ಹಂತ 4: ಸೆಟ್ಟಿಂಗ್, ಲೆಕ್ಕದ ಸಮೇತ

ಶಟರ್ ಸ್ಪೀಡ್ (ಒಂದು ಫೋಟೊಗೆ ಶಟರ್ ತೆರೆದಿರುವ ಹೊತ್ತು) ಎಷ್ಟಿರಬೇಕು ಅಂತ ಬಾಯಿಪಾಠ ಮಾಡುವ ಬದಲು ಒಂದು ಸಣ್ಣ ಲೆಕ್ಕ ಮಾಡಿ. ಅಳಿಲು ಸೆಕೆಂಡಿಗೆ 3 ಮೀಟರ್ ಓಡುತ್ತಿದೆ ಅಂದುಕೊಳ್ಳಿ. 1/250 ಸೆಕೆಂಡಿನಲ್ಲಿ ಅದು 12 ಮಿಲಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಅದರ ಕಣ್ಣಿನ ಅಗಲಕ್ಕಿಂತ ಜಾಸ್ತಿ. 1/500ರಲ್ಲಿ 6 ಮಿಲಿಮೀಟರ್, 1/2000ರಲ್ಲಿ ಒಂದೂವರೆ. ಕಾಲುಗಳು ಮೈಗಿಂತ ಜೋರಾಗಿ ಚಲಿಸುತ್ತವೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಹಾಗಾಗಿ ಓಡುವ ಅಳಿಲಿಗೆ 1/2000ಕ್ಕಿಂತ ಕೆಳಗೆ ಇಳಿಯಬೇಡಿ. ಕುಳಿತು ತಿನ್ನುತ್ತಿದ್ದರೆ 1/640 ನಡೆಯುತ್ತದೆ, ಆಗಲೂ ಕೈ ಮತ್ತು ದವಡೆ ಎಷ್ಟು ಚುರುಕು ಅಂತ ಫೋಟೊ ನೋಡಿದಾಗಲೇ ಗೊತ್ತಾಗುವುದು. ತಲೆ ಆಡಿಸುವ ಬಂಡೆ ಓತಿಗೂ ಅಷ್ಟೇ ಸಾಕು. ಜಿಗಿದ ಹಾರುವ ಓತಿಗೆ, ಹಾರುತ್ತಿರುವ ಏರೋಪ್ಲೇನ್ ಚಿಟ್ಟೆಗೆ 1/2500ರಿಂದ 1/3200.

ಇಷ್ಟು ವೇಗಕ್ಕೆ ಬೆಳಕು ಎಲ್ಲಿಂದ? ಬಿರುಬಿಸಿಲಿನಲ್ಲಿ ತೊಂದರೆಯಿಲ್ಲ. ಅಪರ್ಚರ್ (ಲೆನ್ಸಿನ ಕಿಂಡಿ ತೆರೆದಿರುವ ಅಳತೆ) ಎಫ್/5.6, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 400 ಇಟ್ಟರೆ 1/3200 ಸುಲಭವಾಗಿ ಸಿಗುತ್ತದೆ. ಅದೇ ಸೆಟ್ಟಿಂಗ್ ಇಟ್ಟುಕೊಂಡು ಅಡಿಕೆ ತೋಟದ ನೆರಳಿಗೆ ಕಾಲಿಟ್ಟರೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ದುಪ್ಪಟ್ಟು) ಬೆಳಕು ಹೋಯಿತು ಅಂದುಕೊಳ್ಳಿ, ಆಗ ಐಎಸ್‌ಒ 6400 ಬೇಕಾಗುತ್ತದೆ. ಐಎಸ್‌ಒಗೆ ಹೆದರಬೇಡಿ. ನಾಯ್ಸ್ (ಕಾಳುಕಾಳಾಗಿ ಕಾಣುವ ಚುಕ್ಕೆಗಳು) ಇರುವ ಸ್ಪಷ್ಟ ಫೋಟೊವನ್ನು ಸಾಫ್ಟ್‌ವೇರ್ ಸರಿಮಾಡುತ್ತದೆ, ಮಸುಕಾದ ಫೋಟೊ ಮಸುಕಾಗಿಯೇ ಉಳಿಯುತ್ತದೆ.

ನನ್ನ ಸಲಹೆ: ಮ್ಯಾನುಯಲ್ ಮೋಡ್, ಜೊತೆಗೆ ಆಟೋ ಐಎಸ್‌ಒ. ಶಟರ್, ಅಪರ್ಚರ್ ನಿಮ್ಮ ಕೈಯಲ್ಲಿ, ಬೆಳಕಿನ ಏರಿಳಿತ ಕ್ಯಾಮೆರಾ ಪಾಲಿಗೆ. ಅಳಿಲು ಬಿಸಿಲಿನಿಂದ ನೆರಳಿಗೆ ಓಡಿದಾಗ ನೀವು ಡಯಲ್ ತಿರುಗಿಸುತ್ತ ಕೂರಬೇಕಾಗಿಲ್ಲ.

ಅಪರ್ಚರ್ ವಿಷಯದಲ್ಲಿ ಎಲ್ಲರೂ ಹಿನ್ನೆಲೆ ಮಸುಕಾಗಲಿ ಅಂತ ಪೂರ್ತಿ ತೆರೆದಿಡುತ್ತಾರೆ. ಸಣ್ಣ ಪ್ರಾಣಿಗೆ ಹತ್ತಿರ ಹೋದಾಗ ಇದು ಕೈಕೊಡುತ್ತದೆ. ಎಪಿಎಸ್-ಸಿ ಕ್ಯಾಮೆರಾ (ಸ್ವಲ್ಪ ಸಣ್ಣ ಸೆನ್ಸರಿನದು), 400 ಎಂಎಂ, ಎಫ್/5.6, ಪ್ರಾಣಿ 4 ಮೀಟರ್ ದೂರದಲ್ಲಿ: ಸ್ಪಷ್ಟವಾಗಿ ಕಾಣುವ ಆಳ ಸುಮಾರು 2 ಸೆಂಟಿಮೀಟರ್ ಮಾತ್ರ. ಎಫ್/8 ಮಾಡಿದರೆ 3 ಸೆಂಟಿಮೀಟರ್. ಮೂಗು ಸ್ಪಷ್ಟ, ಕಣ್ಣು ಮಸುಕು ಅನ್ನುವ ಫೋಟೊಗಳ ಕಾರಣ ಇದೇ. ಇದಕ್ಕೆ ಇನ್ನೂ ಒಳ್ಳೆಯ ಉಪಾಯ ಪ್ರಾಣಿಯ ಪಕ್ಕಕ್ಕೆ ಬರುವುದು. ಅದರ ಮೈ ನಿಮ್ಮ ಸೆನ್ಸರ್‌ಗೆ ಸಮಾನಾಂತರವಾಗಿದ್ದರೆ ಆ 2 ಸೆಂಟಿಮೀಟರಿನಲ್ಲೇ ಮೂಗಿನಿಂದ ಬಾಲದವರೆಗೆ ಬಂದುಬಿಡುತ್ತದೆ.

ಎಕ್ಸ್‌ಪೋಷರ್‌ನಲ್ಲಿ ಎರಡು ಬಲೆಗಳಿವೆ. ಆಕಾಶದ ಎದುರಿಗೆ ಕೊಂಬೆಯ ಮೇಲಿನ ಅಳಿಲು ಕಪ್ಪಾಗಿ ಬರುತ್ತದೆ, ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. ಎರಡನೆಯದು ಕೆಂಪು. ಕೆಂಪು ಏರೋಪ್ಲೇನ್ ಚಿಟ್ಟೆ, ಕೆಂಪೇರಿದ ಗಂಡು ಓತಿ, ಇವುಗಳ ಫೋಟೊ ಮಾಮೂಲಿ ಹಿಸ್ಟೋಗ್ರಾಂನಲ್ಲಿ (ಫೋಟೊದ ಬೆಳಕು ಹೇಗೆ ಹಂಚಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ಸರಿಯಾಗೇ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಮಾತ್ರ ಉರಿದುಹೋಗಿ ಮೈಯ ಗೆರೆ, ಹುರುಪೆ ಎಲ್ಲ ಅಳಿಸಿ ಬರೀ ಕೆಂಪು ಬಣ್ಣದ ಮುದ್ದೆಯಾಗಿರುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು ನೋಡಿ, ಅರ್ಧ ಸ್ಟಾಪ್ ಇಳಿಸಿ, ರಾ ಫೈಲಿನಲ್ಲೇ (ಸೆನ್ಸರಿನ ಮಾಹಿತಿಯನ್ನು ಇದ್ದಹಾಗೇ ಉಳಿಸುವ ಫೈಲ್) ತೆಗೆಯಿರಿ.

ಹಂತ 5: ಫೋಕಸ್ ಮತ್ತು ಬೆರಳು

ನಿರಂತರ ಫೋಕಸ್ ಹಾಕಿ. ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಹಿಂಬದಿ ಬಟನ್‌ಗೆ ಫೋಕಸ್ ಕೊಟ್ಟರೆ ಇನ್ನೂ ಒಳ್ಳೆಯದು. ಯಾಕೆಂದರೆ ನಮ್ಮ ಪ್ರಾಣಿ ನಿಲ್ಲುವ ಜಾಗ ಗೊತ್ತಲ್ವಾ? ಹೆಬ್ಬೆರಳಿನಿಂದ ಆ ಜಾಗಕ್ಕೆ ಫೋಕಸ್ ಮಾಡಿ ಬಿಟ್ಟುಬಿಡಿ. ಪ್ರಾಣಿ ಬಂದಾಗ ಬರೀ ಶಟರ್ ಒತ್ತಿದರೆ ಸಾಕು, ಲೆನ್ಸ್ ಹಿಂದೆಮುಂದೆ ಹುಡುಕಾಡುತ್ತ ಸಮಯ ಹಾಳುಮಾಡುವುದಿಲ್ಲ.

ಹೊಸ ಕ್ಯಾಮೆರಾಗಳ ಕಣ್ಣು ಗುರುತಿಸುವ ಫೋಕಸ್ ಅಳಿಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಓತಿಯ ವಿಷಯದಲ್ಲಿ ಪೂರ್ತಿ ನಂಬಬೇಡಿ, ಕೆಲವೊಮ್ಮೆ ಕಣ್ಣು ಬಿಟ್ಟು ಬಂಡೆಯ ಮೇಲಿನ ಕಲೆಗೆ ಅಂಟಿಕೊಳ್ಳುತ್ತದೆ. ಒಂದೇ ಸಣ್ಣ ಪಾಯಿಂಟ್ ಇಟ್ಟುಕೊಂಡು ಕಣ್ಣಿನ ಮೇಲೆ ಇಡುವುದೇ ಭದ್ರ. ಎಲೆ, ಕಡ್ಡಿ ಅಡ್ಡ ಇರುವಾಗಲಂತೂ ಅದೊಂದೇ ದಾರಿ.

ಇನ್ನು ಬೆರಳು. ಕಣ್ಣಿಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಜಿಗಿತ ನೋಡಿ ಒತ್ತಿದರೆ ಸಿಗುವುದು ಖಾಲಿ ಕೊಂಬೆ ಅನ್ನುವುದಕ್ಕೆ ಇದೇ ಕಾರಣ. ಹೊರಡುವ ಮುನ್ಸೂಚನೆ ನೋಡಿಯೇ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೊ ತೆಗೆಯುವುದು) ಶುರುಮಾಡಬೇಕು, ಹಂತ 2ರಲ್ಲಿ ಮೂರನೇ ವಿಷಯ ಗಮನಿಸಿ ಅಂದಿದ್ದು ಇದಕ್ಕೇ. ಒಲಿಂಪಸ್‌ನ ಪ್ರೊ ಕ್ಯಾಪ್ಚರ್, ನಿಕಾನ್ ಜೆಡ್9ರ ಪ್ರಿ-ರಿಲೀಸ್ ಕ್ಯಾಪ್ಚರ್‌ನಂಥ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ದಯವಿಟ್ಟು ಬಳಸಿ. ಬಟನ್ ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಫ್ರೇಮುಗಳನ್ನು ತನ್ನೊಳಗೆ ತುಂಬಿಕೊಳ್ಳುತ್ತ ಇರುತ್ತದೆ, ನೀವು ಪೂರ್ತಿ ಒತ್ತಿದಾಗ ಅದಕ್ಕಿಂತ ಹಿಂದಿನ ಕ್ಷಣಗಳನ್ನೂ ಉಳಿಸುತ್ತದೆ. ಇದು ಮೋಸ ಅನ್ನುವವರಿದ್ದಾರೆ. ಹಾಗಾದರೆ ಆಟೋಫೋಕಸ್ ಕೂಡ ಮೋಸವೇ.

ಒಂದು ಎಚ್ಚರಿಕೆ: ಸಾಧಾರಣ ಸೆನ್ಸರ್‌ನ ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಜೋರಾಗಿ ಚಲಿಸುವ ರೆಕ್ಕೆ, ಕಾಲು ಸೊಟ್ಟಗೆ ಬರುತ್ತವೆ. ಅಂಥ ಕಡೆ ಮೆಕಾನಿಕಲ್ ಶಟರ್ರೇ ಇರಲಿ.

ಹಂತ 6: ಹತ್ತಿರ ಹೋಗುವ ರೀತಿ

ನೇರವಾಗಿ ನಡೆದುಕೊಂಡು ಹೋಗಬೇಡಿ. ಸಣ್ಣ ಪ್ರಾಣಿಗೆ ನೇರ ಬರುವ ದೊಡ್ಡ ಆಕಾರ ಅಂದರೆ ಬೇಟೆಗಾರ ಅಂತಲೇ ಅರ್ಥ. ಪಕ್ಕಕ್ಕೆ ಓರೆಯಾಗಿ, ಬೇರೇನೋ ಕೆಲಸ ಇದೆ ಅನ್ನುವ ಹಾಗೆ, ನಾಲ್ಕು ಹೆಜ್ಜೆ ಇಟ್ಟು ನಿಂತು, ಮತ್ತೆ ನಾಲ್ಕು ಹೆಜ್ಜೆ. ಅದು ತಲೆ ಎತ್ತಿ ನೋಡಿದರೆ ನೀವು ಕಲ್ಲಾಗಿಬಿಡಿ, ತಿರುಗಿ ತಿನ್ನಲು ಶುರುಮಾಡಿದ ಮೇಲೆ ಮುಂದಿನ ಹೆಜ್ಜೆ. ಕ್ಯಾಮೆರಾ ಮೊದಲೇ ಎದೆಯ ಮಟ್ಟಕ್ಕೆ ಎತ್ತಿಕೊಂಡಿರಿ, ಹತ್ತಿರ ಹೋದಮೇಲೆ ಗಬಕ್ಕನೆ ಎತ್ತಿದರೆ ಅಲ್ಲಿಗೆ ಮುಗಿಯಿತು.

ನೆರಳಿನ ಬಗ್ಗೆ ಬಹಳ ಎಚ್ಚರ ಬೇಕು. ಓತಿ, ಏರೋಪ್ಲೇನ್ ಚಿಟ್ಟೆ ನಿಮ್ಮ ಮೈಗೆ ಹೆದರದಿದ್ದರೂ ಮೇಲೆ ಬಿದ್ದ ನೆರಳಿಗೆ ಹೆದರುತ್ತವೆ, ಹದ್ದು ಬಂದ ಹಾಗೆ. ಬೆಳಗ್ಗೆ, ಸಂಜೆ ನೆರಳು ಉದ್ದವಿರುವಾಗ ನಿಮ್ಮ ತಲೆಯ ನೆರಳು ಎಲ್ಲಿ ಬೀಳುತ್ತಿದೆ ಅಂತ ನೋಡಿಕೊಂಡೇ ಹೆಜ್ಜೆ ಇಡಿ.

ತಲುಪಿದ ಮೇಲೆ ಕುಳಿತುಕೊಳ್ಳಿ, ಸಾಧ್ಯವಾದರೆ ಮಲಗಿ. ನಿಂತು ಮೇಲಿನಿಂದ ತೆಗೆದ ಅಳಿಲಿನ ಫೋಟೊದಲ್ಲಿ ಹಿನ್ನೆಲೆಗೆ ನೆಲ ಬರುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ಹತ್ತಿಪ್ಪತ್ತು ಮೀಟರ್ ಹಿಂದಕ್ಕೆ ಹೋಗಿ ಮೆತ್ತಗಾಗುತ್ತದೆ, ಅಗ್ಗದ ಲೆನ್ಸ್ ಕೂಡ ದುಬಾರಿಯಂತೆ ಕಾಣುತ್ತದೆ. ಪ್ಯಾಂಟು ಕೊಳೆಯಾಗುತ್ತದೆ, ಆಗಲಿ ಬಿಡಿ.

ಹಂತ 7: ಒಂದೊಂದಕ್ಕೂ ಒಂದೊಂದು ಪಟ್ಟು

ಅಳಿಲು. ಹೂವಿನ ಕಾಲ ಕಾಯಿರಿ. ಜನವರಿಯಿಂದ ಮಾರ್ಚ್ ಒಳಗೆ ಕೆಂಪು ಬೂರುಗದ ಮರ ಎಲೆ ಉದುರಿಸಿ ಹೂ ಬಿಡುತ್ತದೆ. ಮಕರಂದಕ್ಕೆ ಬರುವ ಅಳಿಲು ಹೂವಿನೊಳಗೆ ಮುಖ ಹಾಕಿ, ಮತ್ತೆ ತೆಗೆದು, ಮೂತಿಯ ತುಂಬ ಪರಾಗ ಹಚ್ಚಿಕೊಂಡು ಕೂರುತ್ತದೆ. ಎಲೆಯ ಅಡ್ಡಿ ಇಲ್ಲ, ಬಣ್ಣಕ್ಕೆ ಕೊರತೆ ಇಲ್ಲ, ಅಳಿಲಿಗೂ ಅವಸರ ಇಲ್ಲ. ಇಷ್ಟು ಅನುಕೂಲ ವರ್ಷದಲ್ಲಿ ಇನ್ಯಾವಾಗಲೂ ಸಿಗುವುದಿಲ್ಲ. ನಗರದಲ್ಲಾದರೆ ಗಸಗಸೆ ಹಣ್ಣಿನ ಮರ ಹುಡುಕಿ, ಅಲ್ಲಿ ಹೆಚ್ಚುಕಡಿಮೆ ಯಾವಾಗಲೂ ಒಂದಲ್ಲ ಒಂದು ಅಳಿಲು ಇರುತ್ತದೆ.

ಬಾಲ ಕುಣಿಸುತ್ತ ಚಿಕ್ ಚಿಕ್ ಅಂತ ಬಿಡದೆ ಕೂಗುತ್ತಿದ್ದರೆ ಅದು ಅಪಾಯದ ಕೂಗು. ಬೆಕ್ಕೋ ಶಿಕ್ರಾ ಗಿಡುಗವೋ ಹತ್ತಿರದಲ್ಲಿದೆ. ಆಗ ಅದು ನಿಮಿಷಗಟ್ಟಲೆ ಒಂದೇ ಕಡೆ ಕೂತು ಕೂಗುತ್ತದೆ, ಒಳ್ಳೆಯ ಅವಕಾಶ. ಆದರೆ ನಿಮ್ಮನ್ನೇ ನೋಡಿ ಕೂಗುತ್ತಿದ್ದರೆ ಹಿಂದೆ ಸರಿಯಿರಿ, ಹತ್ತಿರದಲ್ಲಿ ಗೂಡಿರಬಹುದು.

ಗೋಡೆಯ ಮೇಲೆ ಓಡುವ ಅಳಿಲಿಗೆ ಒಮ್ಮೆ ಉಲ್ಟಾ ಪ್ರಯೋಗ ಮಾಡಿ. ಶಟರ್ 1/100ಕ್ಕೆ ಇಳಿಸಿ, ಅದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಒತ್ತಿ. ಬಹುಪಾಲು ಹಾಳಾಗುತ್ತವೆ. ತಲೆ ಸ್ಪಷ್ಟವಾಗಿ, ಕಾಲು ಮತ್ತು ಗೋಡೆ ಗೆರೆಗೆರೆಯಾಗಿ ಬಂದ ಒಂದು ಸಿಕ್ಕರೂ ಓಟ ಅಂದರೆ ಏನು ಅಂತ ಅದರಲ್ಲಿ ಕಾಣುತ್ತದೆ.

ಬಂಡೆ ಓತಿ. ಏಪ್ರಿಲ್ ಹೊತ್ತಿಗೆ ಗಂಡುಗಳಿಗೆ ಬಣ್ಣ ಏರುತ್ತದೆ: ಬೆನ್ನು ಕೆಂಪು ಅಥವಾ ಕಿತ್ತಳೆ, ಪಕ್ಕೆ ಕಪ್ಪು. ಹೆಣ್ಣು ಸಣ್ಣದು, ಕಂದು ಬಣ್ಣ, ಬಂಡೆಯಲ್ಲೇ ಬೆರೆತು ಹೋಗುತ್ತದೆ. ಗಂಡು ತನ್ನ ಜಾಗದ ಎತ್ತರದ ಬಂಡೆಯ ತುದಿಯಲ್ಲಿ ಕುಳಿತು ದಂಡ ಹೊಡೆದಂತೆ ಮೈ ಮೇಲೆ ಕೆಳಗೆ ಮಾಡುತ್ತದೆ. ಆ ತುದಿ ಗುರುತು ಮಾಡಿಕೊಂಡರೆ ಸಾಕು, ಹೆದರಿ ಸಂದಿಗೆ ಹೋದರೂ ಸ್ವಲ್ಪ ಹೊತ್ತಿಗೆ ಅಲ್ಲಿಗೇ ಹತ್ತಿ ಬರುತ್ತದೆ.

ಇದರ ಬಣ್ಣ ಕೆಲವೇ ಸೆಕೆಂಡಿನಲ್ಲಿ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಓತಿಯ ಬಣ್ಣ ಬದಲಾವಣೆಯನ್ನು ಅಧ್ಯಯನ ಮಾಡಿದ್ದಾರೆ, ಹೆಣ್ಣಿನೆದುರು ಒಂದು ಥರ, ಎದುರಾಳಿ ಗಂಡಿನೆದುರು ಇನ್ನೊಂದು ಥರ ಬಣ್ಣ ತೋರಿಸುತ್ತದೆ. ಫೋಟೊಗ್ರಾಫರ್‌ಗೆ ಇದು ಅಳತೆಗೋಲು. ನೀವು ಹತ್ತಿರ ಹೋದಂತೆ ಬಣ್ಣ ಮಂಕಾಗುತ್ತಿದೆ ಅಂದರೆ ಅದಕ್ಕೆ ಭಯವಾಗಿದೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕೂರಿ. ಬಣ್ಣ ವಾಪಸ್ ಬಂದರೆ ನಿಮ್ಮನ್ನು ಒಪ್ಪಿಕೊಂಡಿದೆ ಅಂತ ಲೆಕ್ಕ.

ಹೊತ್ತು ಬಹಳ ಮುಖ್ಯ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಮುಗಿಸಿ. ಆಮೇಲೆ ಬಂಡೆ ಕಾದು ಬಿಸಿಗಾಳಿ ಏಳುತ್ತದೆ. ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆದರೆ ಫೋಟೊ ಎಲ್ಲ ಸರಿಯಿದ್ದೂ ನೀರಿನೊಳಗಿನಿಂದ ತೆಗೆದ ಹಾಗೆ ಮೆತ್ತಗೆ ಬರುತ್ತದೆ. ಜನ ಲೆನ್ಸ್ ಕೆಟ್ಟಿದೆ ಅಂದುಕೊಂಡು ಸರ್ವಿಸ್‌ಗೆ ಕೊಡುತ್ತಾರೆ! ಹಾಗಂತ ತೀರಾ ನಸುಕಿಗೆ ರಾಮನಗರದ ಬೆಟ್ಟದಲ್ಲಿ ಒಬ್ಬರೇ ಓಡಾಡಬೇಡಿ, ಅಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಬಂಡೆ ಸಂದಿಗೆ ಕೈ ಹಾಕಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹಾರುವ ಓತಿ. ಬಾಲ ಸೇರಿ ಒಂದು ಗೇಣು, ತೊಗಟೆಯದೇ ಬಣ್ಣ. ಹುಡುಕುವುದೇ ಅರ್ಧ ದಿನದ ಕೆಲಸ. ಸುಮ್ನೆ ಕಾಂಡಗಳನ್ನು ದಿಟ್ಟಿಸಿದರೆ ಕಾಣುವುದಿಲ್ಲ. ಹಳದಿ ಮಿಂಚು ಹುಡುಕಿ. ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಚಕ್ಕನೆ ಬಿಚ್ಚಿ ಮುಚ್ಚುತ್ತದೆ, ಬಿಸಿಲು ಬಿದ್ದ ತೋಟದಲ್ಲಿ ಅದು ದೂರದಿಂದಲೇ ಕಾಣುತ್ತದೆ. ಮಳೆಗಾಲ ಮುಗಿದು ಬಿಸಿಲು ಚುರುಕಾದ ತಿಂಗಳುಗಳು ಒಳ್ಳೆಯವು, ಬೆಳಗ್ಗೆ ಒಂಬತ್ತರ ನಂತರ ಬಿಸಿಲು ಕಾಂಡಕ್ಕೆ ತಾಗಿದ ಮೇಲೆ.

ಹತ್ತಿರ ಹೋದರೆ ಕಾಂಡದ ಹಿಂದಕ್ಕೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಜೊತೆಗೊಬ್ಬರಿದ್ದರೆ ಅವರು ಆ ಬದಿಯಲ್ಲಿ ದೂರದಿಂದ ನಿಧಾನವಾಗಿ ನಡೆದು ಹೋಗಲಿ, ಓತಿ ತಾನಾಗಿ ನಿಮ್ಮ ಕಡೆಗೆ ಬರುತ್ತದೆ.

ಎಲ್ಲರಿಗೂ ಹಾರುವ ಫೋಟೊನೇ ಬೇಕು. ನಾನು ಹೇಳುವುದು, ಮೊದಲು ಗಂಟಲ ಚೀಲದ ಫೋಟೊ ತೆಗೆಯಿರಿ. ಬೆಳಕು ಅದರ ಹಿಂದಿನಿಂದ ಬರುವ ಕಡೆ ನಿಂತರೆ ಹಳದಿ ಚರ್ಮ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಅದು ಬಿಚ್ಚುವುದಕ್ಕೂ ಒಂದು ಲಯ ಇದೆ, ನಾಲ್ಕೈದು ಸಲ ನೋಡಿದರೆ ಬೆರಳಿಗೆ ಅಭ್ಯಾಸವಾಗುತ್ತದೆ.

ಹಾರಾಟ ಬೇಕೇಬೇಕು ಅಂದರೆ ಹೀಗೆ ಮಾಡಿ. ಇರುವೆ ತಿನ್ನುತ್ತ ಮೇಲೇರುವ ಓತಿ ಸಾಕಷ್ಟು ಎತ್ತರಕ್ಕೆ ಹೋದಮೇಲೆ ಇನ್ನೊಂದು ಮರದ ಕೆಳಭಾಗಕ್ಕೆ ತೇಲಿ, ಅಲ್ಲಿಂದ ಮತ್ತೆ ಏರುತ್ತದೆ. ಅದು ನೋಡುತ್ತಿರುವ ಮರ ಯಾವುದು ಅಂತ ಅಂದಾಜು ಮಾಡಿ, ಎರಡೂ ಮರಗಳನ್ನು ಸೇರಿಸುವ ಗೆರೆಗೆ ಅಡ್ಡಲಾಗಿ, ಪಕ್ಕದಲ್ಲಿ ನಿಲ್ಲಿ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 2.7 ಮೀಟರ್ ಅಂತರ ಇರುವುದರಿಂದ ಸಾಲುಗಳ ನಡುವೆ ನಿಮಗೆ ಕಿಂಡಿ ಸಿಗುತ್ತದೆ. ಇಳಿಯುವ ಜಾಗ ಹೇಳುವುದು ಕಷ್ಟ, ಹೊರಡುವ ಜಾಗ ಕಣ್ಣೆದುರಿಗೇ ಇದೆ. ಆದ್ದರಿಂದ ಕುಳಿತ ಓತಿಗೆ ಫೋಕಸ್ ಮಾಡಿ, ಅದು ಜಿಗಿಯುವ ದಿಕ್ಕಿನಲ್ಲಿ ಫ್ರೇಮಿನಲ್ಲಿ ಜಾಗ ಬಿಟ್ಟು, ಜೂಮ್ ಸ್ವಲ್ಪ ಹಿಂದಕ್ಕೆ ಎಳೆದು ಕಾಯಿರಿ.

ಇಂಥ ಸರಣಿ ಫೋಟೊಗಳಿಗೆ ಬೆಲೆ ಎಷ್ಟು ಅಂದರೆ, ಪಶ್ಚಿಮ ಘಟ್ಟದ ಹಾರುವ ಓತಿ ಗಾಳಿಯಲ್ಲಿ ತನ್ನ ಮುಂಗೈಗಳಿಂದ ರೆಕ್ಕೆಯ ಅಂಚನ್ನು ಹಿಡಿದುಕೊಂಡು ತೇಲುತ್ತದೆ ಅನ್ನುವುದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಗೊತ್ತಾಯಿತು, ಅದಕ್ಕೆ ಆಧಾರವಾಗಿದ್ದು ಮುಖ್ಯವಾಗಿ ಫೋಟೊಗಳೇ. ಅಲ್ಲಿಯವರೆಗೆ ಕೈಗಳು ಸುಮ್ಮನೆ ಚಾಚಿರುತ್ತವೆ ಅಂತಲೇ ಅಂದುಕೊಂಡಿದ್ದರು. ನಿಮ್ಮ ಬರ್ಸ್ಟ್‌ನಲ್ಲೂ ಕೈ ಎಲ್ಲಿದೆ ಅಂತ ಒಮ್ಮೆ ನೋಡಿ.

ಏರೋಪ್ಲೇನ್ ಚಿಟ್ಟೆ. ಕಡ್ಡಿಗೆ ಫೋಕಸ್ ಮಾಡಿ ಕಾಯುವುದೇ ಇಲ್ಲಿ ಎಲ್ಲ. ಕೂರುವ ಮೊದಲು ಅದು ಒಂದರೆಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ, ಆಗ ಒತ್ತಿ. ರೆಕ್ಕೆ ಸೆಕೆಂಡಿಗೆ ಸುಮಾರು 30 ಸಲ ಬಡಿಯುತ್ತದೆ. ಪೂರ್ತಿ ನಿಲ್ಲಿಸಬೇಕಾದರೆ 1/3200 ಬೇಕು, ಆದರೆ 1/1000ದಲ್ಲಿ ಮೈ ಸ್ಪಷ್ಟವಾಗಿ, ರೆಕ್ಕೆ ಸ್ವಲ್ಪ ಅದುರಿದಂತೆ ಬರುವುದೇ ನನಗೆ ಇಷ್ಟ. ನಡುಮಧ್ಯಾಹ್ನ ಎಲ್ಲರೂ ಮನೆಗೆ ಹೋದಾಗ ನೀವು ಅಲ್ಲೇ ಇರಿ. ಬಿಸಿಲು ತಡೆಯಲು ಕೆಲವು ಜಾತಿಯವು ಬಾಲದ ತುದಿಯನ್ನು ನೇರ ಸೂರ್ಯನ ಕಡೆಗೆ ಎತ್ತಿ ಶೀರ್ಷಾಸನ ಹಾಕಿದಂತೆ ನಿಲ್ಲುತ್ತವೆ, ಮೈಗೆ ಬಿಸಿಲು ಕಡಿಮೆ ತಾಗಲಿ ಅಂತ. ಮಧ್ಯಾಹ್ನದ ಕೆಟ್ಟ ಬೆಳಕಿನಲ್ಲಿ ಸಿಗುವ ಒಳ್ಳೆಯ ಫೋಟೊ ಇದೊಂದೇ.

ಹಂತ 8: ಬರೀ ಫೋನ್ ಇದ್ದರೆ

ಫೋನಿನ ಜೂಮ್ ಮರೆತುಬಿಡಿ, ಫೋನನ್ನೇ ಅಲ್ಲಿಗೆ ಕಳಿಸಿ. ಅಳಿಲು ನಿಲ್ಲುವ ಗೋಡೆಯ ಮೂಲೆಯ ಹತ್ತಿರ ಫೋನ್ ಒರಗಿಸಿ, 4ಕೆ 60 ಫ್ರೇಮ್ ವಿಡಿಯೊ ಹಾಕಿ, ನೀವು ದೂರ ಹೋಗಿ. ಅಲುಗಾಡದ ವಸ್ತುವಿಗೆ ಪ್ರಾಣಿಗಳು ಬೇಗ ಒಗ್ಗುತ್ತವೆ. 4ಕೆ ವಿಡಿಯೊದ ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್, ಅದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಬಹುದು. ಪ್ರೊ ಮೋಡ್ ಇದ್ದರೆ ವಿಡಿಯೊದಲ್ಲೂ ಶಟರ್ 1/1000ಕ್ಕಿಂತ ಮೇಲಿಡಿ, ಇಲ್ಲದಿದ್ದರೆ ಪ್ರತಿ ಫ್ರೇಮೂ ಮಸುಕೇ. ಕೋತಿಗಳಿರುವ ಜಾಗದಲ್ಲಿ ಮಾತ್ರ ಈ ಪ್ರಯೋಗ ಬೇಡ.

ಹಂತ 9: ಮಾಡಲೇಬಾರದ ಕೆಲಸಗಳು

ಹಾರಲಿ ಅಂತ ಓತಿಗೆ ಕಲ್ಲು ಹೊಡೆಯುವುದು, ಮರ ಅಲ್ಲಾಡಿಸುವುದು. ಹುಳವನ್ನು ಫ್ರಿಜ್‌ನಲ್ಲಿಟ್ಟು ಜಡ ಮಾಡಿ ಕಡ್ಡಿಗೆ ಕೂರಿಸುವುದು. ಅಳಿಲಿಗೆ ಬಿಸ್ಕತ್ತು ಹಾಕಿ ಕರೆಯುವುದು. ಗೂಡಿನ ಮುಂದೆ ಎಲೆ ಕಿತ್ತು ದಾರಿ ಮಾಡುವುದು, ಹೀಗೆ ಮಾಡಿದರೆ ನಿಮಗೆ ಕಂಡ ಮರಿ ಕಾಗೆಗೂ ಕಾಣುತ್ತದೆ. ಹೀಗೆ ತೆಗೆದ ಫೋಟೊಗಳನ್ನು ತಿಳಿದವರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ ಕೂಡ: ಹುಳದ ಕಾಲುಗಳು ಕಡ್ಡಿಯನ್ನು ಸರಿಯಾಗಿ ಹಿಡಿದಿರುವುದಿಲ್ಲ, ಓತಿಯ ಬಣ್ಣ ಸತ್ತಿರುತ್ತದೆ.

ತೋಟ, ಗದ್ದೆಗೆ ಹೋಗುವ ಮೊದಲು ಮಾಲೀಕರನ್ನು ಕೇಳಿ. ಕೇಳಿದರೆ ಬೇಡ ಅನ್ನುವವರು ಕಡಿಮೆ, ಮೇಲಾಗಿ ಓತಿ ಯಾವ ಮರದಲ್ಲಿದೆ ಅಂತ ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ. ಬಂಡೀಪುರ, ನಾಗರಹೊಳೆಯಂಥ ಕಡೆ ಸಫಾರಿ ಗಾಡಿಯಿಂದ ಇಳಿಯುವಂತಿಲ್ಲ, ಹಾಗಾಗಿ ಈ ಥರದ ಫೋಟೊಗ್ರಫಿಗೆ ಅವು ಸರಿಯಾದ ಜಾಗಗಳೇ ಅಲ್ಲ. ಪಾರ್ಕುಗಳಲ್ಲಿ ಕ್ಯಾಮೆರಾಗೆ ಬೇರೆ ನಿಯಮ, ಶುಲ್ಕ ಇದೆಯೇ ಅಂತ ಗೇಟಿನಲ್ಲೇ ವಿಚಾರಿಸಿ.

ಹಂತ 10: ಮನೆಗೆ ಬಂದ ಮೇಲೆ

ಬರ್ಸ್ಟ್ ಹೊಡೆದಿದ್ದೀರಿ, ರಾಶಿ ಫೋಟೊ ಬಂದಿರುತ್ತದೆ. ಒಂದೇ ಪ್ರಶ್ನೆ ಇಟ್ಟುಕೊಂಡು ಮೊದಲ ಸುತ್ತು ಅಳಿಸಿ: ಕಣ್ಣು ಸ್ಪಷ್ಟವಾಗಿದೆಯೇ? ಇಲ್ಲದಿದ್ದರೆ ಭಂಗಿ ಎಷ್ಟೇ ಚೆನ್ನಾಗಿದ್ದರೂ ಹೋಗಲಿ. ಎರಡನೇ ಸುತ್ತಿನಲ್ಲಿ ಭಂಗಿ, ಹಿನ್ನೆಲೆ ನೋಡಿ. 24 ಮೆಗಾಪಿಕ್ಸೆಲ್ ಫೋಟೊದ ಉದ್ದ ಅಗಲ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೂ 3000 x 2000 ಪಿಕ್ಸೆಲ್ ಉಳಿಯುತ್ತದೆ, 10 ಇಂಚು ಅಗಲದ ಒಳ್ಳೆಯ ಪ್ರಿಂಟ್ ಬರುತ್ತದೆ. ಹಾಗಾಗಿ ಫ್ರೇಮ್ ತುಂಬಲೇಬೇಕು ಅಂತ ಪ್ರಾಣಿಯ ಮೈಮೇಲೆ ಬೀಳುವ ಅಗತ್ಯವಿಲ್ಲ. ನಾಯ್ಸ್ ತೆಗೆಯುವಾಗ ಕೈ ಹಿಡಿತದಲ್ಲಿರಲಿ, ಜಾಸ್ತಿ ಮಾಡಿದರೆ ಅಳಿಲಿನ ರೋಮ ಪ್ಲಾಸ್ಟಿಕ್ ಆಗುತ್ತದೆ.

ಫೋಲ್ಡರಿನ ಹೆಸರಿನಲ್ಲೇ ಪ್ರಾಣಿ, ಜಾಗ, ತಿಂಗಳು, ಗಂಟೆ ಬರೆದಿಡಿ. ಮುಂದಿನ ಬೇಸಿಗೆಗೆ ಅದೇ ಬಂಡೆಗೆ ಯಾವಾಗ ಹೋಗಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ಜಾತಿ ಯಾವುದು ಗೊತ್ತಾಗದಿದ್ದರೆ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿ, ತಿಳಿದವರು ಹೇಳುತ್ತಾರೆ. ಹಾರುವ ಓತಿಯಂಥದ್ದು ಸಿಕ್ಕಿದ್ದರೆ ಹಾಕುವಾಗ ಸ್ಥಳವನ್ನು ಮಸುಕಾಗಿಸುವ ಆಯ್ಕೆ ಒತ್ತಿ, ತಾಲ್ಲೂಕಿನ ಹೆಸರಿನವರೆಗೆ ಹೇಳಿದರೆ ಸಾಕು, ತೋಟದ ದಾರಿ ಎಲ್ಲರಿಗೂ ಬೇಡ.